ಸ್ಲ್ಯಾಶ್ ಟ್ರಕ್ಕಿನ ಶಾಕ್‌ಗೆ ಹೊಸ ಸೀಲು, ಹೊಸ ಎಣ್ಣೆ

ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಎಂಬ ರಿಮೋಟ್ ಕಂಟ್ರೋಲ್ ಟ್ರಕ್ಕಿನ ಶಾಕ್ (ಶಾಕ್ ಅಬ್ಸಾರ್ಬರ್) ಬುಡದಲ್ಲಿ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದೆಯಾ? ಹಾಗಾದರೆ ಬರೀ ಎಣ್ಣೆ ತುಂಬಿ ಪ್ರಯೋಜನವಿಲ್ಲ, ಸೀಲೂ ಬದಲಾಯಿಸಬೇಕು.

ಸ್ಪ್ರಿಂಗ್ ತೆಗೆದು, ಕ್ಯಾಪ್ ಬಿಚ್ಚಿ, ಹಳೇ ಎಣ್ಣೆ ಬಸಿಯಿರಿ. ಶಾಫ್ಟಿನ (ಒಳಗೆ ಹೊರಗೆ ಆಡುವ ಕಡ್ಡಿ) ತುದಿಯ ರಾಡ್ ಎಂಡ್ ತಿರುಗಿಸುವಾಗ ಅದನ್ನು ಬರೀ ಇಕ್ಕಳದಲ್ಲಿ ಹಿಡಿಯಬೇಡಿ, ರಬ್ಬರ್ ತುಂಡು ಸುತ್ತಿ. ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರಿದ್ದರೂ ಸಾಕು, ಹೊಸ ಸೀಲನ್ನು ತಿಂದುಹಾಕುತ್ತದೆ. ಎಕ್ಸ್-ರಿಂಗ್‌ಗಳಿಗೂ (ಸೀಲಾಗಿ ಕೂರುವ ರಬ್ಬರ್ ಬಳೆಗಳು) ಶಾಫ್ಟಿನ ಮರೆಗೂ (ಥ್ರೆಡ್) ಎಣ್ಣೆ ಸವರಿ, ಶಾಫ್ಟನ್ನು ನಿಧಾನಕ್ಕೆ ತಿರುಗಿಸುತ್ತಾ ರಿಂಗುಗಳೊಳಗೆ ತೂರಿಸಿ. ಒಣಗಿದ್ದಾಗ ತಳ್ಳಿದರೆ ಮರೆಯ ಅಂಚೇ ರಿಂಗನ್ನು ಕುಯ್ಯುತ್ತದೆ.

ಕಂಪನಿ ಹಾಕಿರುವುದು 30 ವೇಟ್ (ಎಣ್ಣೆ ಎಷ್ಟು ಮಂದ ಎಂಬ ಅಳತೆ) ಸಿಲಿಕಾನ್ ಎಣ್ಣೆ. ಬೈಕಿನ ಎಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಶಾಫ್ಟಿನ ಒಳತುದಿಯ ಪಿಸ್ಟನ್ ಕೆಳಗೆಳೆದು ಎಣ್ಣೆ ತುಂಬಿ. ಪಿಸ್ಟನ್ ಎಣ್ಣೆಯಿಂದ ಹೊರಬರದಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಐದು ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ. ಗುಳ್ಳೆ ಏಳುವುದು ನಿಂತಮೇಲೆ ಕ್ಯಾಪ್ ನಿಧಾನವಾಗಿ ತಿರುಗಿಸಿ. ಹೆಚ್ಚಿನ ಎಣ್ಣೆ ಅದರ ಸಣ್ಣ ತೂತಿನಿಂದ ಹೊರಬರುತ್ತದೆ. ಅವಸರ ಮಾಡುವವರು ಕೆಡುವುದು ಇಲ್ಲೇ.

ಸ್ಪ್ರಿಂಗ್ ಹಾಕುವ ಮುಂಚೆ ಒತ್ತಿ ನೋಡಿ. ಪಿಚಪಿಚ ಸದ್ದು ಬಂದರೆ ಒಳಗೆ ಗಾಳಿಯಿದೆ. ಶಾಫ್ಟ್ ಪೂರ್ತಿ ಒಳಹೋಗದಿದ್ದರೆ ಎಣ್ಣೆ ಹೆಚ್ಚಾಗಿದೆ. ಎಡಬಲ ಎರಡನ್ನೂ ಒಟ್ಟಿಗೆ ಒತ್ತಿದಾಗ ಬಿಗಿ ಒಂದೇ ಥರ ಇರಬೇಕು.