ಇಸ್ತ್ರಿ ಮೇಜಿನ ಮುಂದೆ ಕಳೆದ ರಾತ್ರಿಗಳು

ನಮ್ಮ ಮನೆಯ ಇಸ್ತ್ರಿ ಮೇಜು ನನ್ನ ಸೊಂಟಕ್ಕಿಂತ ಒಂದು ಗೇಣು ಎತ್ತರ. ನಾಲ್ಕು ವರ್ಷ ನಾನು ರಾತ್ರಿ ಹೊತ್ತು ಅದರ ಮುಂದೆ ನಿಂತೇ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದಿದ್ದೇನೆ. ಕೂರೋಕೆ ಆಗುತ್ತಿರಲಿಲ್ಲ. ಮಲಗುವುದಂತೂ ದೂರದ ಮಾತು.

ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ಹೇಳುವುದೇ ಕಷ್ಟ. ನೋವು ಅನ್ನೋಣ ಅಂದರೆ ನೋವಲ್ಲ. ಜೋಮು ಹಿಡಿದದ್ದೂ ಅಲ್ಲ. ಸೆಳೆತವೂ ಅಲ್ಲ. ಸೆಳೆತ ಬಂದರೆ ಮೀನಖಂಡ ಕಲ್ಲಾಗುತ್ತೆ, ಮುಟ್ಟಿದರೆ ಗೊತ್ತಾಗುತ್ತೆ. ಇದು ಕೈಗೆ ಸಿಗುವುದಿಲ್ಲ. ಮೀನಖಂಡದ ಒಳಗೆ, ಮೂಳೆಗೂ ಮಾಂಸಕ್ಕೂ ನಡುವೆ ಏನೋ ಹರಿದಾಡುತ್ತದೆ. ಮೊದಲು ಸಣ್ಣಗೆ. ಆಮೇಲೆ ಕುಲುಕಿದ ಸೋಡಾ ಬಾಟಲಿಯ ಬಾಯಿ ಒತ್ತಿ ಹಿಡಿದ ಹಾಗೆ ತುಂಬಿಕೊಳ್ಳುತ್ತಾ ಬರುತ್ತದೆ. ಕಾಲು ಆಡಿಸದೆ ಇಪ್ಪತ್ತು ಎಣಿಸುತ್ತೇನೆ ಅಂತ ಎಷ್ಟೋ ಸಲ ಹಟ ಹಿಡಿದಿದ್ದೇನೆ. ಹನ್ನೆರಡು ದಾಟಿದ್ದಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಎಲ್ಲ ಮಾಯ. ಮತ್ತೆ ಮಲಗಿದರೆ ಎರಡೇ ನಿಮಿಷಕ್ಕೆ ಹಾಜರ್.

ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತ ಹೆಸರು. ಪತ್ತೆ ಹಚ್ಚಲು ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಕೆಲವು ಪ್ರಶ್ನೆ ಕೇಳುತ್ತಾರೆ, ಅಷ್ಟೇ. ಕಾಲು ಆಡಿಸಲೇಬೇಕು ಅನ್ನಿಸುತ್ತಾ? ಸುಮ್ನೆ ಕೂತಾಗ, ಮಲಗಿದಾಗ ಜಾಸ್ತಿಯಾ? ನಡೆದರೆ ಕಡಿಮೆಯಾಗುತ್ತಾ? ಸಂಜೆ, ರಾತ್ರಿ ಹೆಚ್ಚಾಗುತ್ತಾ? ಎಲ್ಲಕ್ಕೂ ಹೌದು ಅಂದು, ಬೇರೆ ಕಾಯಿಲೆಯಿಂದ ಹೀಗಾಗುತ್ತಿಲ್ಲ ಅಂತ ಖಾತ್ರಿಯಾದರೆ ಇದೇ. ನನ್ನ ಕಾಯಿಲೆಗೆ ಹೆಸರು ಸಿಕ್ಕಿದ್ದು ನಲವತ್ತಮೂರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಕೇಳಿದ್ದೆಲ್ಲ ಒಂದೇ ಮಾತು: ಟೆನ್ಷನ್ ಕಡಿಮೆ ಮಾಡಿಕೊಳ್ಳಿ.

ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ 1672ರಲ್ಲೇ ಇದರ ಬಗ್ಗೆ ಬರೆದಿದ್ದ. ಚಿತ್ರಹಿಂಸೆಯ ಜಾಗದಲ್ಲಿ ಇದ್ದವರಿಗೆ ಹೇಗೆ ನಿದ್ದೆ ಬರುವುದಿಲ್ಲವೋ ಇವರಿಗೂ ಹಾಗೆ, ಅಂದಿದ್ದ. ಅದನ್ನು ಓದಿದ ದಿನ ನಾನು ಅತ್ತೆ. ಮುನ್ನೂರೈವತ್ತು ವರ್ಷದ ಹಿಂದೆಯೇ ಯಾರೋ ಒಬ್ಬರು ರೋಗಿ ಹೇಳಿದ್ದನ್ನು ನಂಬಿದ್ದರಲ್ಲ! ಈಗಿನ ಹೆಸರು ಬಂದದ್ದು ಸ್ವೀಡನ್ನಿನ ಕಾರ್ಲ್-ಆಕ್ಸೆಲ್ ಎಕ್ಬೊಮ್ 1945ರಲ್ಲಿ ಬರೆದ ಪುಸ್ತಕದಿಂದ.

ಮೊದಲು ಕೊಟ್ಟದ್ದು ಪ್ರಮಿಪೆಕ್ಸೋಲ್ ಅನ್ನುವ ಮಾತ್ರೆ. 0.125 ಮಿಲಿಗ್ರಾಂ, ರಾತ್ರಿಗೆ ಒಂದು. ಮೊದಲ ರಾತ್ರಿಯೇ ಆರು ಗಂಟೆ ನಿದ್ದೆ ಮಾಡಿದೆ. ಬೆಳಗ್ಗೆ ಎದ್ದು ಹಾಸಿಗೆ ಮೇಲೆಯೇ ಸುಮಾರು ಹೊತ್ತು ಕೂತಿದ್ದೆ. ಕಾಲು ಸುಮ್ಮನಿತ್ತು. ಪವಾಡ ಅಂದುಕೊಂಡೆ.

ಒಂದು ವರ್ಷ ಕಳೆಯಿತು. ರಾತ್ರಿ ಹತ್ತಕ್ಕೆ ಶುರುವಾಗುತ್ತಿದ್ದದ್ದು ಎಂಟಕ್ಕೇ ಬರತೊಡಗಿತು. ಡೋಸ್ ಏರಿಸಿದರು. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಸಂಜೆ ಆರಕ್ಕೆ. ಮತ್ತೆ ಏರಿಸಿದರು. ನಾಲ್ಕನೇ ವರ್ಷಕ್ಕೆ 0.75 ಆಗಿತ್ತು. ಮಧ್ಯಾಹ್ನ ಮೂರಕ್ಕೆ ಪಾಠ ಮಾಡುವಾಗಲೇ ಕಾಲು ಶುರು. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಅದೇ ಹರಿದಾಟ. ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿದೆ. ಕಾಯಿಲೆ ಮೇಲಕ್ಕೆ ಹತ್ತುತ್ತಿದೆ ಅಂತ ಗಾಬರಿಯಾಯಿತು.

ಆಮೇಲೆ ಕಂಡ ನರರೋಗ ತಜ್ಞೆ ನನ್ನ ಫೈಲನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು. "ಮಾತ್ರೆ ಶುರು ಮಾಡುವ ಮುಂಚೆ ಎಷ್ಟು ಹೊತ್ತಿಗೆ ಬರುತ್ತಿತ್ತು? ಈಗ ಎಷ್ಟು ಹೊತ್ತಿಗೆ?" ಹತ್ತು, ಮೂರು ಅಂದೆ. ಹೇಳುವಾಗಲೇ ನನಗೆ ಅರ್ಥವಾಯಿತು. ಗಣಿತದ ಟೀಚರಿಗೆ ಈ ಲೆಕ್ಕ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು ಅನ್ನುವುದು ಇವತ್ತಿಗೂ ಸಂಕಟ ಕೊಡುತ್ತದೆ.

ಇದಕ್ಕೆ ಆಗ್ಮೆಂಟೇಶನ್ ಅನ್ನುತ್ತಾರೆ. ಡೋಪಮೈನ್ ಅಂದರೆ ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ. ಅದರ ಥರ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಮೊದಲು ತಗ್ಗಿಸಿದ ಕಾಯಿಲೆಯನ್ನೇ ವರ್ಷಗಳು ಕಳೆದಂತೆ ಹೆಚ್ಚಿಸಬಲ್ಲವು. ಹೊತ್ತಿಗೆ ಮುಂಚೆ ಬರುತ್ತದೆ, ಕೈಗೆ ಹರಡುತ್ತದೆ, ಕೂತ ಸ್ವಲ್ಪ ಹೊತ್ತಿಗೇ ಶುರುವಾಗುತ್ತದೆ. ಡೋಸ್ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಕೆಲವರಿಗೆ ಇವೇ ಮಾತ್ರೆಯಿಂದ ಜೂಜಾಡುವ, ಸಿಕ್ಕಿದ್ದೆಲ್ಲ ಕೊಳ್ಳುವ ಗೀಳೂ ಹಿಡಿಯುತ್ತದೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಈ ಮಾತ್ರೆಗಳನ್ನು ಮಾಮೂಲಾಗಿ ಕೊಡುವುದು ಬೇಡ ಅಂದಿದೆ. ಮುಂದಿಟ್ಟಿರುವುದು ನರದ ನೋವಿಗೂ ಕೊಡುವ ಗಾಬಾಪೆಂಟಿನ್, ಪ್ರಿಗಾಬಲಿನ್ ಮತ್ತು ಕಬ್ಬಿಣದ ಅಂಶ ಕಡಿಮೆ ಇದ್ದವರಿಗೆ ಕಬ್ಬಿಣ.

ಕಬ್ಬಿಣದ ಮಾತು ನಿಧಾನವಾಗಿ ಹೇಳಬೇಕು. ನನ್ನ ಹಿಮೋಗ್ಲೋಬಿನ್ 12.8 ಇತ್ತು. ಹಾಗಾಗಿ ರಕ್ತಹೀನತೆ ಇಲ್ಲ ಅಂತ ಎಲ್ಲರೂ ಸುಮ್ಮನಿದ್ದರು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ 22 ಇತ್ತು. ಲ್ಯಾಬ್ ರಿಪೋರ್ಟಿನಲ್ಲಿ ಅದರ ಪಕ್ಕ ಯಾವ ಕೆಂಪು ಗುರುತೂ ಇರಲಿಲ್ಲ, ನಾರ್ಮಲ್ ಅಂತಲೇ ಇತ್ತು. ಆದರೆ ಈ ಕಾಯಿಲೆ ಇರುವವರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ವಿಚಾರ ಮಾಡುತ್ತಾರೆ. ರಕ್ತದಲ್ಲಿ ಸಾಕಷ್ಟು ಇದ್ದರೂ ಮಿದುಳಿಗೆ ಸಾಲದೆ ಹೋಗಬಹುದು. ಡೋಪಮೈನ್ ತಯಾರಾಗಲು ಕಬ್ಬಿಣ ಬೇಕೇ ಬೇಕು. ಒಂದು ವಿಷಯ ನೆನಪಿರಲಿ: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಮ್ಮಸುಮ್ಮನೆ ಮೇಲೇರುತ್ತದೆ. ಆರೋಗ್ಯವಾಗಿದ್ದಾಗ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಬೇಕು. ಕಡಿಮೆ ಇದ್ದರೆ ಯಾಕೆ ಕಡಿಮೆ ಅಂತಲೂ ಹುಡುಕಬೇಕು. ನನಗೆ ಮುಟ್ಟಿನ ರಕ್ತಸ್ರಾವ ಜಾಸ್ತಿ ಇತ್ತು, ಅದಕ್ಕೂ ಚಿಕಿತ್ಸೆ ಆಯಿತು.

ಕಬ್ಬಿಣದ ಮಾತ್ರೆ ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಕೊನೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವ ಕಬ್ಬಿಣದ ಡ್ರಿಪ್ ಹಾಕಿದರು. ಮರುದಿನವೇ ಗುಣವಾಗುತ್ತೆ ಅಂತ ಕಾದಿದ್ದೆ. ಆಗಲಿಲ್ಲ. ಆರನೇ ವಾರದ ಹೊತ್ತಿಗೆ ಒಂದು ರಾತ್ರಿ ಪುಸ್ತಕ ಓದುತ್ತಾ ಅರ್ಧ ಗಂಟೆ ಕೂತೇ ಇದ್ದೇನೆ ಅಂತ ಅರಿವಾಯಿತು.

ಪ್ರಮಿಪೆಕ್ಸೋಲ್ ಬಿಟ್ಟದ್ದು ಮಾತ್ರ ನನ್ನ ಜೀವನದ ಅತಿ ಕೆಟ್ಟ ದಿನಗಳು. ದಯವಿಟ್ಟು ಇದನ್ನು ಒಬ್ಬರೇ, ಒಮ್ಮೆಲೇ ಮಾಡಬೇಡಿ. ನನಗೆ ಮೊದಲು ಪ್ರಿಗಾಬಲಿನ್ ಶುರು ಮಾಡಿ, ಆಮೇಲೆ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿದರು. ಆದರೂ ಕೊನೆಯ ಮಾತ್ರೆ ನಿಲ್ಲಿಸಿದ ಮೇಲೆ ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ರಾತ್ರಿ ಎರಡೂವರೆಗೆ ಮಗಳು ಎದ್ದು ಬಂದಳು. ನಾನು ಇಸ್ತ್ರಿ ಮೇಜಿನ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಾ ಅಳುತ್ತಿದ್ದೆ. ಅವಳು ಏನೂ ಕೇಳಲಿಲ್ಲ. ತ್ರಿಕೋನಮಿತಿಯ ಪುಸ್ತಕ ತಂದು ಮೇಜಿನ ಮೇಲಿಟ್ಟು, "ಈ ಏಳನೇ ಲೆಕ್ಕ ನನಗೆ ಬರ್ತಿಲ್ಲ" ಅಂದಳು. ಇಬ್ಬರೂ ನಿಂತೇ ಬಿಡಿಸಿದೆವು. ಏಳನೆಯದು, ಎಂಟನೆಯದು, ಹಾಗೇ ಹದಿನೈದರವರೆಗೆ. ಲೆಕ್ಕದೊಳಗೆ ಮುಳುಗಿದ್ದಷ್ಟು ಹೊತ್ತು ಕಾಲು ನೆನಪಾಗಲಿಲ್ಲ. ಮನಸ್ಸು ಗಟ್ಟಿಯಾಗಿ ಒಂದು ಕಡೆ ತೊಡಗಿದರೆ ಇದು ತಗ್ಗುತ್ತದೆ ಅನ್ನುವುದು ವೈದ್ಯರಿಗೂ ಗೊತ್ತಿರುವ ವಿಷಯವೇ. ಟಿವಿಯಿಂದ ನನಗೆ ಆಗಲಿಲ್ಲ, ಲೆಕ್ಕದಿಂದ ಆಯಿತು.

ಪ್ರಿಗಾಬಲಿನ್‌ಗೂ ತೊಂದರೆಗಳಿವೆ. ಬೆಳಗ್ಗೆ ತಲೆ ತೂಗುತ್ತೆ, ನನ್ನ ತೂಕ ನಾಲ್ಕು ಕಿಲೋ ಏರಿತು. ಯಾವ ಔಷಧಕ್ಕೂ ಕಾಯಿಲೆ ಬಗ್ಗದಿದ್ದರೆ ಓಪಿಯಾಯ್ಡ್ ಅನ್ನು, ಅಂದರೆ ಮಾರ್ಫಿನ್ ಜಾತಿಯ ನೋವಿನ ಔಷಧವನ್ನು, ಕಡಿಮೆ ಪ್ರಮಾಣದಲ್ಲಿ, ಕಟ್ಟುನಿಟ್ಟಿನ ನಿಗಾದಲ್ಲಿ ಕೊಡುವುದೂ ಉಂಟು.

ಇನ್ನೊಂದು, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನೆಗಡಿಗೆ, ಅಲರ್ಜಿಗೆ ಕೊಡುವ, ನಿದ್ದೆ ಬರಿಸುವ ಡೈಫೆನ್‌ಹೈಡ್ರಮಿನ್ ಥರದ ಔಷಧ ಈ ಕಾಯಿಲೆಯನ್ನು ಕೆರಳಿಸುತ್ತದೆ. ನಿದ್ದೆ ಬರಲಿ ಅಂತ ನಾನು ಎರಡು ಚಮಚ ಸಿರಪ್ ಕುಡಿದ ರಾತ್ರಿ ಬೆಳಗಿನವರೆಗೂ ಮನೆಯೊಳಗೆ ನಡೆದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಹಾಗೆಯೇ. ಖಿನ್ನತೆಯ ಹಲವು ಮಾತ್ರೆಗಳೂ ಹೆಚ್ಚಿಸಬಹುದು, ಆದರೆ ಅವುಗಳನ್ನು ನೀವೇ ನಿಲ್ಲಿಸಬೇಡಿ, ವೈದ್ಯರ ಹತ್ತಿರ ಮಾತಾಡಿ. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಈ ಹೆಸರುಗಳು ಇರಲಿ ಅಂತ ನಾನೊಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಈಗ ಕೂತೇ ಪತ್ರಿಕೆ ತಿದ್ದುತ್ತೇನೆ. ವಾರಕ್ಕೆ ಒಂದೋ ಎರಡೋ ರಾತ್ರಿ ಕಾಲು ಎಬ್ಬಿಸುತ್ತದೆ. ಬಿಸಿನೀರು ಸುರಿದುಕೊಂಡು, ಸ್ವಲ್ಪ ನಡೆದು, ಮತ್ತೆ ಮಲಗುತ್ತೇನೆ.

ಈ ಕಾಯಿಲೆ ಮನೆತನದಲ್ಲಿ ಬರುವುದು ಜಾಸ್ತಿ. ನಾನು ಚಿಕ್ಕವಳಿದ್ದಾಗ ಅಮ್ಮ ಎರಡೂ ಮೀನಖಂಡಕ್ಕೆ ಬಟ್ಟೆಯ ಪಟ್ಟಿ ಬಿಗಿಯಾಗಿ ಕಟ್ಟಿಕೊಂಡು ಮಲಗುತ್ತಿದ್ದಳು. ಕೇಳಿದರೆ "ಕಾಲು ಹರೀತದೆ" ಅನ್ನುತ್ತಿದ್ದಳು. ನಾವು ಅದನ್ನು ಅಭ್ಯಾಸ ಅಂದುಕೊಂಡಿದ್ದೆವು. ಈ ವರ್ಷ ಅವಳಿಗೂ ಫೆರಿಟಿನ್ ಮಾಡಿಸಿದೆವು, 31 ಬಂತು. ಈಗ ದಿನ ಬಿಟ್ಟು ದಿನ ಕಬ್ಬಿಣದ ಮಾತ್ರೆ, ಮೂರು ತಿಂಗಳಾಯಿತು. ಹೋದ ವಾರ ಫೋನಿನಲ್ಲಿ ಬೇರೇನೋ ಮಾತಾಡುತ್ತಾ, ಹಿಂದಿನ ರಾತ್ರಿ ಪಟ್ಟಿ ಕಟ್ಟಿಕೊಳ್ಳುವುದು ಮರೆತೇ ಹೋಗಿತ್ತು ಅಂದಳು.