ಲರ್ಪ್, ಮಾಡ್, ರೌಂಡ್: ಒಂದೇ ಸಾಲಿನ ಫಂಕ್ಷನ್‌ಗಳು ಎಡವುವ ಜಾಗ

ಜಾವಾಸ್ಕ್ರಿಪ್ಟ್‌ನ ಮ್ಯಾತ್ ಆಬ್ಜೆಕ್ಟ್‌ನಲ್ಲಿ ಸೈನ್, ಕೊಸೈನ್, ಲಾಗ್ ಎಲ್ಲ ಇವೆ. ಎರಡು ದಶಮಾಂಶಕ್ಕೆ ರೌಂಡ್ ಮಾಡುವ ಫಂಕ್ಷನ್ ಇಲ್ಲ, ಎರಡು ಸಂಖ್ಯೆಗಳ ನಡುವಿನ ಬೆಲೆ ಹುಡುಕುವ ಲರ್ಪ್ ಇಲ್ಲ. ಹಾಗಾಗಿ ಪ್ರತಿ ಪ್ರಾಜೆಕ್ಟ್‌ನಲ್ಲೂ ಸಣ್ಣಪುಟ್ಟ ಸಹಾಯಕ ಫಂಕ್ಷನ್‌ಗಳ ಒಂದು ಯುಟಿಲ್ಸ್ ಫೈಲ್ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಒಂದೊಂದು ಫಂಕ್ಷನ್ನೂ ಒಂದೇ ಸಾಲು, ಆದ್ದರಿಂದಲೇ ಯಾರೂ ಟೆಸ್ಟ್ ಬರೆಯುವುದಿಲ್ಲ.

ಲರ್ಪ್ ನೋಡಿ: ಶುರು + (ಕೊನೆ − ಶುರು) × ಟಿ. ಟಿ ಎಂದರೆ ಎಷ್ಟು ಭಾಗ ದಾಟಿದ್ದೇವೆ ಎನ್ನುವುದು, 0 ಶುರು, 1 ಕೊನೆ. ಇನ್‌ಪುಟ್ ಬಾಕ್ಸ್‌ನಿಂದ ಬಂದ ಶುರು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರುತ್ತದೆ. "10"ರಿಂದ 20ಕ್ಕೆ, ಟಿ 0.5 ಎಂದರೆ 15 ಬರಬೇಕು, ಬರುವುದು "105". ಕಳೆಯುವಾಗ, ಗುಣಿಸುವಾಗ ಸ್ಟ್ರಿಂಗ್ ತಾನಾಗಿ ನಂಬರ್ ಆಗುತ್ತದೆ, ಕೂಡುವಾಗ ಮಾತ್ರ ಅಂಟಿಕೊಳ್ಳುತ್ತದೆ. ನಂಬರ್‌ಗೆ ಬದಲಾಯಿಸುವ ಕೆಲಸ ಇನ್‌ಪುಟ್ ಓದುವಲ್ಲೇ ಮುಗಿಯಲಿ, ಲರ್ಪ್ ಒಳಗೆ ಬೇಡ. ಇನ್ನೊಂದು, ಈಗಿರುವ ಜಾಗದಿಂದ ಗುರಿಯತ್ತ ಪ್ರತಿ ಫ್ರೇಮ್‌ಗೂ ಟಿ 0.1 ಇಟ್ಟು ಆನಿಮೇಷನ್ ಮಾಡಿದರೆ 120 ಹರ್ಟ್ಸ್ ಪರದೆಯಲ್ಲಿ ಅದು 60 ಹರ್ಟ್ಸ್‌ಗಿಂತ ಎರಡು ಪಟ್ಟು ಬೇಗ ಮುಗಿಯುತ್ತದೆ. ಟಿ ಜಾಗಕ್ಕೆ 1 − ಎಕ್ಸ್‌ಪ್(−ವೇಗ × ಕಳೆದ ಸಮಯ) ಹಾಕಿ, ಇಲ್ಲಿ ಕಳೆದ ಸಮಯ ಎಂದರೆ ಹಿಂದಿನ ಫ್ರೇಮ್‌ನಿಂದ ಆದ ಸಮಯ.

ಮಾಡ್ (%), ಅಂದರೆ ಭಾಗಿಸಿದಾಗ ಉಳಿಯುವ ಶೇಷ, ಅದರ ಚಿಹ್ನೆಯೂ ಕೈಕೊಡುತ್ತದೆ. ಐದು ಚಿತ್ರಗಳ ಸ್ಲೈಡರ್‌ನಲ್ಲಿ ಮೊದಲನೆಯದರಿಂದ (ಇಂಡೆಕ್ಸ್ 0) ಹಿಂದಕ್ಕೆ ಒತ್ತಿದರೆ −1 % 5. ಪೈಥಾನ್‌ನಲ್ಲಿ ಇದು 4, ಜಾವಾಸ್ಕ್ರಿಪ್ಟ್‌ನಲ್ಲಿ −1. ಆ ಇಂಡೆಕ್ಸ್‌ನಲ್ಲಿ ಚಿತ್ರವೇ ಇರುವುದಿಲ್ಲ. ((ಎನ್ % 5) + 5) % 5 ಎಂದು ಬರೆದರೆ ಸರಿ.

ರ‍್ಯಾಂಡಮ್ ಪೂರ್ಣಾಂಕಕ್ಕೆ ಫ್ಲೋರ್ (ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು) ಬಳಸಿ. ದಾಳಕ್ಕೆ ರೌಂಡ್(ರ‍್ಯಾಂಡಮ್ × 5) + 1 ಎಂದು ಬರೆದರೆ 1 ಮತ್ತು 6 ಬೀಳುವ ಸಾಧ್ಯತೆ ತಲಾ 10%, ನಡುವಿನ ನಾಲ್ಕಕ್ಕೆ ತಲಾ 20%.

ನಿಜವಾದ ತಲೆನೋವು ರೌಂಡಿಂಗ್. 1.005 ಅನ್ನು 100ರಿಂದ ಗುಣಿಸಿ, ರೌಂಡ್ ಮಾಡಿ, 100ರಿಂದ ಭಾಗಿಸಿದರೆ 1.01 ಅಲ್ಲ, 1. ಗುಣಲಬ್ಧ 100.49999999999999 ಆಗಿರುತ್ತದೆ, ಏಕೆಂದರೆ 64 ಬಿಟ್‌ನ ಬೈನರಿಯಲ್ಲಿ 1.005 ಕರಾರುವಾಕ್ಕಾಗಿ ಕೂರುವುದಿಲ್ಲ. ಇಷ್ಟೇ ದಶಮಾಂಶ ಸ್ಥಾನ ಎಂದು ಬರೆದುಕೊಡುವ ಟುಫಿಕ್ಸ್ಡ್ ಕೂಡ "1.00" ಎನ್ನುತ್ತದೆ. ಒಂದು ಉಪಾಯವಿದೆ: ಸಂಖ್ಯೆಯನ್ನು ಸ್ಟ್ರಿಂಗ್ ಮಾಡಿ ಕೊನೆಗೆ ಘಾತಸೂಚಕ ಇ2 (ಅಂದರೆ × 100) ಅಂಟಿಸಿ, ರೌಂಡ್ ಮಾಡಿ, ಬಂದದ್ದಕ್ಕೆ ಇ−2 ಅಂಟಿಸಿ ಮತ್ತೆ ನಂಬರ್ ಮಾಡುವುದು. 1.01 ಸಿಗುತ್ತದೆ. ಆದರೆ 0.0000001 ಸ್ಟ್ರಿಂಗ್ ಆದಾಗ 1ಇ−7 ಆಗಿಬಿಡುತ್ತದೆ, ಅದಕ್ಕೆ ಇನ್ನೊಂದು ಇ ಅಂಟಿದರೆ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲ.

ಇದೂ ದಾಟಿದಿರಿ ಎನ್ನಿ, ಋಣ ಸಂಖ್ಯೆ ಕಾದಿರುತ್ತದೆ. ಮ್ಯಾತ್.ರೌಂಡ್ ಅರ್ಧವನ್ನು ಯಾವಾಗಲೂ ಮೇಲಕ್ಕೆ ತಳ್ಳುತ್ತದೆ: 2.5 ಹೋಗಿ 3, −2.5 ಹೋಗಿ −2. ಬಿಲ್‌ನಲ್ಲಿ 1.01 ಆದ ಮೊತ್ತ ರಿಫಂಡ್‌ನಲ್ಲಿ −1.00 ಆಗುತ್ತದೆ, ಲೆಕ್ಕದಲ್ಲಿ ಒಂದು ಪೈಸೆ ಉಳಿದುಬಿಡುತ್ತದೆ. ಚಿಹ್ನೆ ತೆಗೆದಿಟ್ಟು, ರೌಂಡ್ ಮಾಡಿ, ಚಿಹ್ನೆ ವಾಪಸ್ ಹಚ್ಚಿ. ದುಡ್ಡಿಗಾದರೆ ಮೊತ್ತವನ್ನು ಪೈಸೆಯಲ್ಲೇ ಪೂರ್ಣಾಂಕವಾಗಿ ಇಟ್ಟುಕೊಂಡು, ತೆರಿಗೆ ಹಾಕುವ ಒಂದೇ ಕಡೆ ರೌಂಡ್ ಮಾಡಿ, ತೋರಿಸುವಾಗ ಮಾತ್ರ 100ರಿಂದ ಭಾಗಿಸಿ.