ದೊಡ್ಡ ಮಳಿಗೆಯ ನಕ್ಷೆಯನ್ನು ಹಿತ್ತಿಲಿನಿಂದ ಓದಿ

ದೊಡ್ಡ ಚಿಲ್ಲರೆ ಮಳಿಗೆಯ ಅರ್ಜಿ ಯೋಜನಾ ಸಮಿತಿಗೆ ಬಂದಾಗ ಕಡತದ ಮೇಲಿರುವುದು ಬಣ್ಣದ ಚಿತ್ರ: ನೀಲಿ ಆಕಾಶ, ಇಪ್ಪತ್ತು ವರ್ಷ ಬೆಳೆದಂತಿರುವ ಮರಗಳು, ಅಲ್ಲೊಂದು ಇಲ್ಲೊಂದು ಕಾರು. ಅದನ್ನು ಮಗುಚಿ ಪಕ್ಕಕ್ಕಿಡಿ. ಮುಂಗೋಡೆಯ ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಲಾರಿ ತಿರುಗುವ ಜಾಗವನ್ನು, ನೀರು ಹರಿಯುವ ದಿಕ್ಕನ್ನು ಕಟ್ಟಡ ಎದ್ದ ಮೇಲೆ ಬದಲಿಸಲಾಗದು. ಆದರೂ ಎಷ್ಟೋ ಸಭೆಗಳಲ್ಲಿ ಅರ್ಧ ಹೊತ್ತು ನಾಮಫಲಕದ ಅಳತೆಯಲ್ಲೇ ಕಳೆಯುತ್ತದೆ.

ನಕ್ಷೆಯನ್ನು ಸರಕು ಇಳಿಸುವ ಅಂಗಳದಿಂದ ಓದಲು ಶುರುಮಾಡಿ. ಉದ್ದನೆಯ ಟ್ರೇಲರ್ ಲಾರಿ ಸುಮಾರು 16.5 ಮೀಟರ್ ಇರುತ್ತದೆ. ಅದು ತಿರುಗಲು 12.5 ಮೀಟರ್ ಹೊರ ತ್ರಿಜ್ಯವಾದರೂ ಬೇಕು. ಇಳಿಸುವ ಕಟ್ಟೆಗೆ ಹಿಮ್ಮುಖವಾಗಿ ನೇರ ನಿಲ್ಲಬೇಕಾದರೆ ಕಟ್ಟೆಯ ಅಂಚಿನಿಂದ ಎದುರಿನ ಕರ್ಬ್‌ವರೆಗೆ ಲಾರಿಯ ಎರಡು ಪಟ್ಟು ಉದ್ದ, ಅಂದರೆ ಸುಮಾರು 35 ಮೀಟರ್ ಖಾಲಿ ಬೇಕಾಗುತ್ತದೆ. ಅರ್ಜಿದಾರರು ಕೊಡುವ ತಿರುವಿನ ಜಾಡಿನ ನಕ್ಷೆಯಲ್ಲಿ ನಾಲ್ಕು ಸಂಗತಿ ಪರೀಕ್ಷಿಸಿ. ಯಾವ ಉದ್ದದ ವಾಹನಕ್ಕೆ ಬರೆದದ್ದು? ಜಾಡು ಗೇಟಿನ ಒಳಗಿನಿಂದ ಶುರುವಾಗುತ್ತದೆಯೋ, ಸಾರ್ವಜನಿಕ ರಸ್ತೆಯಿಂದಲೋ? ತೋರಿಸಿದ್ದು ಚಕ್ರದ ಗೆರೆ ಮಾತ್ರವೋ, ಮೂಲೆ ತಿರುಗುವಾಗ ಹೊರಚಾಚುವ ಮೈಯ ಗೆರೆಯೂ ಇದೆಯೋ? ಪಕ್ಕದ ಕಟ್ಟೆಯಲ್ಲಿ ಇನ್ನೊಂದು ಲಾರಿ ನಿಂತಿದ್ದರೂ ಇದು ಸಾಧ್ಯವೋ? ಕೊನೆಯ ಪ್ರಶ್ನೆಗೆ ಹೆಚ್ಚಾಗಿ ಉತ್ತರ ಸಿಗುವುದಿಲ್ಲ. ಜಾಗ ಸಾಲದಿದ್ದರೆ ಚಾಲಕ ಏನು ಮಾಡುತ್ತಾನೆಂದು ಊಹಿಸುವುದು ಕಷ್ಟವಲ್ಲ: ರಸ್ತೆಯಿಂದಲೇ ರಿವರ್ಸ್ ಬರುತ್ತಾನೆ.

ಲಾರಿಯ ಹಲಗೆಯ ಮಟ್ಟಕ್ಕೆ ಸರಿಹೊಂದಲೆಂದು ಕಟ್ಟೆ ಸುಮಾರು 1.2 ಮೀಟರ್ ಎತ್ತರವಿರುತ್ತದೆ. ಅದನ್ನು ಸಾಧಿಸಲು ಅಂಗಳವನ್ನೇ ತಗ್ಗಿಸಿದ್ದರೆ ಮಳೆನೀರು ನಿಲ್ಲುವುದು ಅಲ್ಲೇ. ತಗ್ಗಿನಲ್ಲಿ ಅಡ್ಡ ಚರಂಡಿ ಇದೆಯೇ, ಅದು ಎಲ್ಲಿಗೆ ಸೇರುತ್ತದೆ, ಡೀಸೆಲ್ ಮತ್ತು ಎಣ್ಣೆಯನ್ನು ಬೇರ್ಪಡಿಸುವ ತೊಟ್ಟಿ ಇದೆಯೇ ನೋಡಿ.

ಶಬ್ದದ ವಿಷಯಕ್ಕೂ ಹಿತ್ತಿಲೇ ಮುಖ್ಯ. ರಿವರ್ಸ್ ಬೀಪ್, ತಂಪು ಪೆಟ್ಟಿಗೆಯ ಲಾರಿಯ ಕಂಪ್ರೆಸರ್, ಚಾವಣಿಯ ಮೇಲಿನ ಫ್ಯಾನ್‌ಗಳು ರಾತ್ರಿಯಲ್ಲೇ ಕೇಳುವುದು. ತೆರೆದ ಬಯಲಿನಲ್ಲಿ ಒಂದು ಬಿಂದುವಿನಿಂದ ಬರುವ ಶಬ್ದ ದೂರ ಇಮ್ಮಡಿಯಾದಂತೆ 6 ಡೆಸಿಬಲ್ ಇಳಿಯುತ್ತದೆ, ಅಷ್ಟೇ. ಗೋಡೆ ಕಟ್ಟುತ್ತೇವೆ ಎಂದರೆ ಪಕ್ಕದ ಮನೆಯ ಮಹಡಿ ಕಿಟಕಿಯಿಂದ ಲಾರಿಗೆ ಒಂದು ನೇರ ಗೆರೆ ಎಳೆಸಿ. ಗೋಡೆ ಆ ಗೆರೆಯನ್ನು ಕತ್ತರಿಸದಿದ್ದರೆ ಅದು ಬರೀ ಕಾಂಪೌಂಡು. ಎರಡು ಮೀಟರ್ ಗೋಡೆ ನೆಲಮಹಡಿಗೆ ಉಪಕಾರಿ, ಮೇಲಿನವರಿಗೆ ಅಲ್ಲ.

ಇನ್ನು ಕಾರುಗಳು ರಸ್ತೆಗೆ ಬೀಳುವ ಬಾಯಿ. ಸಂಜೆಯ ದಟ್ಟ ಗಂಟೆಯಲ್ಲಿ 300 ಕಾರು ಹೊರಬೀಳುತ್ತವೆ ಎಂದು ಸಂಚಾರ ವರದಿ ಹೇಳಿದರೆ ನಿಮಿಷಕ್ಕೆ ಐದು. ಸಿಗ್ನಲ್ ಎರಡು ನಿಮಿಷಕ್ಕೊಮ್ಮೆ ಸುತ್ತುತ್ತಿದ್ದರೆ ಒಂದೊಂದು ಸುತ್ತಿಗೆ ಸುಮಾರು ಹತ್ತು ಕಾರು ಜಮೆಯಾಗುತ್ತವೆ. ಸಾಲಿನಲ್ಲಿ ನಿಂತ ಕಾರಿಗೆ 7 ಮೀಟರ್ ಹಿಡಿದರೆ 70 ಮೀಟರ್. ಗೇಟಿನಿಂದ 20 ಮೀಟರಿಗೇ ಮೊದಲ ಪಾರ್ಕಿಂಗ್ ಓಣಿ ತೆರೆದುಕೊಂಡಿದ್ದರೆ ಈ ಸಾಲು ಅದನ್ನು ಮುಚ್ಚುತ್ತದೆ, ಒಳಬರುವವರು ತಿರುಗಲಾಗದೆ ನಿಲ್ಲುತ್ತಾರೆ, ಅವರ ಬಾಲ ಮುಖ್ಯರಸ್ತೆಗೆ ಚಾಚುತ್ತದೆ. ರಸ್ತೆ ಅಗಲಿಸಿ ಎಂಬ ಬೇಡಿಕೆ ಆಗ ಏಳುತ್ತದೆ. ತಪ್ಪಿರುವುದು ರಸ್ತೆಯಲ್ಲಲ್ಲ, ಗೇಟಿನಿಂದ ಮೊದಲ ಓಣಿಯವರೆಗಿನ ಗಿಡ್ಡವಾದ ಕುತ್ತಿಗೆಯಲ್ಲಿ. ವಾಹನ ಎಣಿಕೆ ನಡೆದ ದಿನವನ್ನೂ ನೋಡಿ. ಶಾಲೆಗೆ ರಜೆಯಿದ್ದ ಮಂಗಳವಾರದ ಎಣಿಕೆ ಶನಿವಾರದ ಮಧ್ಯಾಹ್ನದ ಬಗ್ಗೆ ಏನನ್ನೂ ಹೇಳದು.

ಕಾಣುವ ದೂರದ ಲೆಕ್ಕ ಸಭೆಯಲ್ಲೇ ಮಾಡಬಹುದು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎಚ್ಚೆತ್ತು ಬ್ರೇಕ್ ಒತ್ತಲು 2.5 ಸೆಕೆಂಡ್ ಎಂದುಕೊಂಡರೆ 35 ಮೀಟರ್, ನಿಲ್ಲಲು ಇನ್ನೂ 28. ಹಾಗಾಗಿ 63 ಮೀಟರಿಗಿಂತ ಕಡಿಮೆ ದೂರ ಕಾಣುವ ಗೇಟನ್ನು ಒಪ್ಪಲೇಬಾರದು. ಗೇಟಿನಿಂದ ರಸ್ತೆಯತ್ತ ನೋಟಕ್ಕೆ ಅಡ್ಡಿಯಿಲ್ಲದೆ ಬಿಡಬೇಕಾದ ತ್ರಿಕೋನ ಜಾಗ ರಸ್ತೆ ಹಾಳೆಯಲ್ಲಿ ಖಾಲಿಯಾಗಿ ಕಾಣುತ್ತದೆ. ಗಿಡಗಳ ಹಾಳೆಯಲ್ಲಿ ಅದೇ ಜಾಗದಲ್ಲಿ ಪೊದೆಸಾಲು, ಫಲಕಗಳ ಹಾಳೆಯಲ್ಲಿ ಅಲ್ಲೇ ಒಂದು ಕಂಬ! ಮೂರನ್ನೂ ಬೇರೆ ಬೇರೆಯವರು ಬರೆದಿರುತ್ತಾರೆ. ಎಲ್ಲವನ್ನೂ ಒಂದೇ ಸ್ಕೇಲಿನಲ್ಲಿ ತರಿಸಿ, ಬೆಳಕಿಗೆ ಹಿಡಿದು ಒಂದರ ಮೇಲೊಂದಿಟ್ಟು ನೋಡುವ ಹಳೆಯ ಉಪಾಯ ಇಂದಿಗೂ ಉತ್ತಮ. ದೀಪದ ಕಂಬ ಮರದೊಳಗೆ, ಮರ ಚರಂಡಿ ಕೊಳವೆಯ ನೆತ್ತಿಯ ಮೇಲೆ ಇರುವುದು ಆಗ ಸಿಕ್ಕಿಬೀಳುತ್ತದೆ.

ನೀರಿನ ಲೆಕ್ಕಕ್ಕೆ ಹೆಚ್ಚು ಹೊತ್ತು ಕೊಡಿ. 6,000 ಚದರ ಮೀಟರಿನ ಮಳಿಗೆ, 300 ಕಾರುಗಳ ಪಾರ್ಕಿಂಗ್ ಎಂದುಕೊಳ್ಳೋಣ. ಓಣಿಯನ್ನೂ ಸೇರಿಸಿ ಒಂದು ಕಾರಿಗೆ ಸುಮಾರು 28 ಚದರ ಮೀಟರ್ ಬೇಕು. ಒಟ್ಟು 8,400, ಮಳಿಗೆಗಿಂತಲೂ ದೊಡ್ಡದು. ಲಾರಿ ಅಂಗಳ, ಒಳರಸ್ತೆ ಸೇರಿದರೆ ಗಟ್ಟಿ ನೆಲ 17,000 ಚದರ ಮೀಟರ್ ಆಗುತ್ತದೆ. ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಮಳೆ ಬಿದ್ದು, ನೂರಕ್ಕೆ 90 ಪಾಲು ಹರಿದರೆ 918 ಘನ ಮೀಟರ್ ನೀರು. ಇದೇ ಜಾಗ ಹುಲ್ಲುಗಾವಲಾಗಿದ್ದಾಗ ಕಾಲು ಪಾಲಷ್ಟೇ ಹರಿಯುತ್ತಿತ್ತೆಂದರೆ 255. ಮಿಕ್ಕ 663 ಘನ ಮೀಟರನ್ನು ನಿವೇಶನದೊಳಗೇ ತಡೆದು ನಿಧಾನಕ್ಕೆ ಬಿಡಬೇಕು. 1.2 ಮೀಟರ್ ನೀರು ನಿಲ್ಲುವ ತಡೆಕೊಳಕ್ಕೆ, ಇಳಿಜಾರು ದಡ ಬಿಟ್ಟೇ, 550 ಚದರ ಮೀಟರ್ ಬೇಕು. ಹೆಚ್ಚುಕಡಿಮೆ 20 ಕಾರುಗಳ ಜಾಗ. ನಕ್ಷೆಯ ಮೂಲೆಯಲ್ಲಿ ಹುರುಳಿಕಾಳಿನಷ್ಟು ಹಸಿರು ಬಳಿದು ‘ಮಳೆನೀರು ನಿರ್ವಹಣೆ’ ಎಂದು ಬರೆದಿದ್ದರೆ ಈ ಅಂಕಿಗಳನ್ನು ಮುಂದಿಡಿ.

ಕೊಳ ಕೆಡುವುದೂ ಹೊರಹರಿವಿನ ಬಾಯಲ್ಲೇ. ತೂತು ಚಿಕ್ಕದಾದರೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ; ಅದಕ್ಕೆ ಜಾಲರಿಯೂ, ಕಟ್ಟಿಕೊಂಡಾಗ ನೀರು ಪಕ್ಕದವರ ಕಡೆ ನುಗ್ಗದೆ ಹೋಗಲು ಮೇಲ್ಮಟ್ಟದ ಕೋಡಿಯೂ ಇರಬೇಕು. ಕಟ್ಟಡ ಕೆಲಸದ ಕಾಲದ ಹೂಳೆಲ್ಲ ಇದರಲ್ಲೇ ಕೂರುವುದರಿಂದ ಮಳಿಗೆ ತೆರೆಯುವ ದಿನಕ್ಕೇ ಅದರ ಆಳ ಅರ್ಧವಾಗಿರಬಹುದು.

ಪಾರ್ಕಿಂಗ್‌ನ ಇಳಿಜಾರು ನೂರಕ್ಕೆ ಒಂದರಷ್ಟಾದರೂ ಇರಲಿ, ಇಲ್ಲದಿದ್ದರೆ ನೀರು ನಿಲ್ಲುತ್ತದೆ; ಐದು ದಾಟಿದರೆ ಟ್ರಾಲಿಗಳು ತಾವಾಗಿಯೇ ಕಾರುಗಳನ್ನು ಹುಡುಕಿಕೊಂಡು ಹೋಗುತ್ತವೆ. ಗಾಲಿಕುರ್ಚಿಯ ರ‍್ಯಾಂಪ್ 1:12ಕ್ಕಿಂತ ಕಡಿದಾಗಿರಬಾರದು. ಬಸ್ ನಿಲ್ದಾಣದಿಂದ ಬಾಗಿಲಿಗೆ ಕಾಲುದಾರಿ ನೇರವಾಗಿರಲಿ, ಬಳಸುದಾರಿಯಾದರೆ ಜನ ಹೂವಿನ ಪಾತಿಯನ್ನೇ ತುಳಿದು ಹೋಗುತ್ತಾರೆ. ದೀಪ ಕೆಳಮುಖವಾಗಿರಲಿ.

ಒಪ್ಪಿಗೆಯ ಷರತ್ತುಗಳಲ್ಲಿ ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ಮಾತು ಬಂದರೆ ಹೊಡೆದುಹಾಕಿ. ಅಳೆಯಬಹುದಾದ ಮಾತು ಬೇಕು: ಲಾರಿ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಬರಬಹುದು, ಸತ್ತ ಗಿಡವನ್ನು ಎಷ್ಟು ದಿನದೊಳಗೆ ಬದಲಿಸಬೇಕು, ಮಳಿಗೆಯ ಮಾಲೀಕತ್ವ ಬದಲಾದರೂ ಕೊಳದ ಹೂಳೆತ್ತುವವರು ಯಾರು. ಬಳಕೆ ಪ್ರಮಾಣಪತ್ರ ಕೊಡುವ ಮೊದಲು ಕೊಳದ ಹೂಳು ತೆಗೆಸಿ, ಅಳತೆಗೋಲು ಇಳಿಸಿ, 1.2 ಮೀಟರ್ ಇದೆಯೇ ಎಂದು ಸ್ಥಳದಲ್ಲೇ ನೋಡಬೇಕೆಂಬುದೂ ಷರತ್ತಾಗಿ ಬರಲಿ.